ಹತ್ತಕ್ಕೆ ಹತ್ತು ಬಂದ ಪಾಠ

ವಿನೀತ್,

ನಿಮ್ಮ ಆರ್ಕಿಟೆಕ್ಟ್ ಲೈಸೆನ್ಸ್ ರಿನ್ಯೂವಲಿನ ಕೊನೆಯ ಆನ್‌ಲೈನ್ ಕ್ಲಾಸು ಸಂಜೆ ಐದಕ್ಕೆ ಉಂಟು. ನೀವು ಸೋಫಾದಲ್ಲಿ ಗೊರಕೆ ಹೊಡೆಯುವಾಗ ನಾನು ಮೀನು ಕಾಯಿಸುತ್ತಾ ಹತ್ತು ನಿಮಿಷಕ್ಕೊಮ್ಮೆ ಹಾಜರಿ ಬಟನ್ ಒತ್ತಿದ್ದು ಸಾಕು. ಇವತ್ತು ನೀವೇ ಒತ್ತಿ.

ನಿನ್ನೆಯ ಪಾಠ ವಯಸ್ಸಾದವರ ಬಾತ್‌ರೂಮಿನ ಬಗ್ಗೆ. ಗೋಡೆಗೆ ಹ್ಯಾಂಡಲ್ ಬೇಕೇ ಬೇಕಂತೆ. ಪರೀಕ್ಷೆಯನ್ನೂ ನಾನೇ ಬರೆದೆ, ನಿಮಗೆ ಹತ್ತಕ್ಕೆ ಹತ್ತು.

ಅತ್ತೆ ಊರಿನಿಂದ ಬಂದು ಎರಡು ತಿಂಗಳಾಯಿತು. ನಮ್ಮ ಬಾತ್‌ರೂಮಿಗೂ ಒಂದು ಹ್ಯಾಂಡಲ್ ಹಾಕಿಸಿ ಅಂತ ಎಷ್ಟು ಸಲ ಹೇಳಿದೆ. ಅರ್ಧ ಗಂಟೆಯ ಕೆಲಸ ಅಂತ ಬಿಲ್ಡಿಂಗಿನ ರಿಪೇರಿ ಕೆಲಸದ ಹಾರಿಸ್ ಸಹ ಅಂದಿದ್ದ. ಇವತ್ತು ಬೆಳಿಗ್ಗೆ ಅತ್ತೆ ಅಲ್ಲೇ ಜಾರಿ ಬಿದ್ದರು, ಕೈ ಊದಿದೆ. ನೀವು ಫೋನ್ ಎತ್ತಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅನ್ನ ಮಾಡಿಲ್ಲ.

ಹ್ಯಾಂಡಲ್ ಬರಬೇಕಾಗಿದ್ದ ಜಾಗದಲ್ಲಿ ನಿಮ್ಮ ನಿನ್ನೆಯ ಪಾಠದ ಸರ್ಟಿಫಿಕೇಟ್ ಅಂಟಿಸಿದ್ದೇನೆ. ಅದನ್ನು ಹಿಡಿದುಕೊಂಡು ಸ್ನಾನ ಮಾಡಿ.

ಶರಣ್ಯಾ