ಎರಡರ ಕಡೆಗೆ ವಾಲಿದ ಮಲ್ಲಿಗೆ

ಫೆಬ್ರವರಿ 18, ಮಂಗಳವಾರ

ಮಲ್ಲಿಗೆ ವಾಲಿಬಿಟ್ಟಿತು. ಮಾದೇವಣ್ಣನ ದುಬಾರಿ ವಾಚಿನ ಬೆಳ್ಳಿ ಡಯಲ್ ಮೇಲೆ ನಾನೊಬ್ಬಳೇ ಕೆತ್ತಿದ ಮೊದಲ ಹೂವು ಅದು. ಕೆತ್ತುವಾಗ ಉಳಿ ಹಿಡಿದ ಕೈ ತಿರುಗಬಾರದು, ಅರಗಿಗೆ ಅಂಟಿಸಿದ ಡಯಲ್ಲನ್ನೇ ತಿರುಗಿಸಬೇಕು. ತಿರುಗಿಸುತ್ತ ತಿರುಗಿಸುತ್ತ ನನಗೆ ಹನ್ನೆರಡರ ಜಾಗವೇ ತಪ್ಪಿ, ಹೂವು ಎರಡರ ಕಡೆಗೆ ತಲೆ ಮಾಡಿತು.

"ಸುಮ್ನಿರು. ಡಿಸೈನೇ ಹಂಗೆ ಅಂತ ನಾ ಹೇಳ್ತೆ" ಎಂದರು ಶ್ರೀಧರ ಮಾವ. ಹೊನ್ನಾವರದ ಈ ವಾಚಿನ ಅಂಗಡಿ ಅವರದು, ನಾನು ಕೆಲಸ ಕಲಿಯುವವಳು. ಇಲ್ಲಿ ಕೆಲಸ ಕೆಟ್ಟರೆ ಮತ್ತೆ ಕಾಲೇಜಿಗೆ ಹೋಗುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಆದರೂ ಮಾದೇವಣ್ಣ ಬಂದ ಕೂಡಲೇ ಹೇಳಿಬಿಟ್ಟೆ.

"ಹೂ ಸೊಟ್ಟ ಆತು. ತಪ್ಪು ನಂದೇ."

ಅವರು ಕುವೈತಿನಲ್ಲಿ ಕಾರು ಓಡಿಸುವವರು. ವಾಚು ಕಟ್ಟಿಕೊಂಡು, ಗಾಳಿಯಲ್ಲೇ ಸ್ಟೇರಿಂಗ್ ಹಿಡಿದು ನೋಡಿದರು.

"ಎಂತ ಸೊಟ್ಟ ಮಾರಾಯ್ತಿ? ಕಾರಲ್ಲಿ ಕೂತ್ರೆ ನೆಟ್ಟಗೇ ಕಾಣ್ತದೆ. ಹಿಂಗೇ ಇರ್ಲಿ."

ಮಾವ ನಕ್ಕುಬಿಟ್ಟರು. "ನಾಳೆ ಇನ್ನೊಂದು ಡಯಲ್ ಕೊಡ್ತೆ. ಮೊದ್ಲು ಹನ್ನೆರಡರ ಹತ್ರ ಅರಗಿನ ಮೇಲೆ ಗೀರು ಹಾಕ್ಕೋ."

ಮಾದೇವಣ್ಣ ನನ್ನ ಸಮಾಧಾನಕ್ಕೆ ಹೇಳಿದರೇ? ಈಗ ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ಅದೇ ಹೂ ಎರಡರ ಕಡೆಗೇ ವಾಲಿಸಿ ಬರೆದು, ಸ್ಟೇರಿಂಗ್ ಹಿಡಿದಂತೆ ಕೈ ಚಾಚಿ ನೋಡಿದೆ. ನಿಜವಾಗಿ ನೆಟ್ಟಗಿದೆ. ಕಾರಿನಿಂದ ಇಳಿದ ಮೇಲೆ ಮಾತ್ರ...