ಮುಚ್ಚಿಸಿದವನೇ ಕಟ್ಟಿಸಲು ಬಂದಾಗ

ಮೆತ್ಸಮೋರ್, ಆರ್ಮೇನಿಯಾ
ಅಕ್ಟೋಬರ್ ೧೪, ೨೦೨೪

ಪ್ರೀತಿಯ ತಾತುಲ್ ಅಣ್ಣಾ,

ಹೇಗಿದ್ದೀಯ? ಲಿಯೋನ್‌ನಲ್ಲಿ ಚಳಿ ಶುರುವಾಯಿತೇ? ಅತ್ತಿಗೆಯ ಮಂಡಿ ಆಪರೇಷನ್ ಆಯಿತೆಂದು ಕೇಳಿದೆ, ಈಗ ಓಡಾಡುತ್ತಿದ್ದಾರೆಯೇ? ನಾವು ಚೆನ್ನಾಗಿದ್ದೇವೆ. ಅಪ್ಪನಿಗೆ ಎಂಬತ್ತಾರು ತುಂಬಿತು. ಈಗಲೂ ದಿನಾ ಮೂರು ಮಹಡಿ ಇಳಿದು ಹೋಗಿ, ಅಣುಸ್ಥಾವರದ ಹಳೆಯ ಗೆಳೆಯರ ಜೊತೆ ನಾರ್ದಿ ಪಗಡೆ ಆಡುತ್ತಾರೆ. ಸೋತರೆ ಎದುರಿನವನು ಮೋಸ ಮಾಡಿದ ಅನ್ನುತ್ತಾರೆ. ಏಪ್ರಿಕಾಟ್ ಈ ವರ್ಷ ಕಡಿಮೆ. ಒಣಗಿಸಿದ್ದರಲ್ಲಿ ನಿನ್ನ ಪಾಲು ತೆಗೆದಿಟ್ಟಿದ್ದೆ. ಹೋದ ವಾರ ಅದನ್ನು ಪಕ್ಕದ ಮನೆಯ ವಾರ್ಸೆನಿಕ್‌ಗೆ ಕೊಟ್ಟುಬಿಟ್ಟೆ.

ಯಾಕೆಂದು ಹೇಳುತ್ತೇನೆ. ಇಲ್ಲಿ ಹಳೆಯ ರಿಯಾಕ್ಟರಿನ ಪಕ್ಕದಲ್ಲೇ ಹೊಸದನ್ನು ಕಟ್ಟುವ ಮಾತು ನಡೆದಿದೆಯಲ್ಲ, ಕಟ್ಟುತ್ತೇವೆಂದು ಮುಂದೆ ಬಂದ ಕಂಪನಿಗಳಲ್ಲಿ ಒಂದು ಮನೆಮನೆಗೂ ಬಣ್ಣದ ಪುಸ್ತಿಕೆ ಹಂಚಿತು. ವಾರ್ಸೆನಿಕ್ ಅದನ್ನು ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದಳು. “ಏ ನಾಝಿಕ್, ಕೊನೇ ಪುಟ ನೋಡೇ! ಅನುವಾದ ಅಂತ ಹೆಸರು ಹಾಕಿದಾರಲ್ಲ, ಇವ್ನು ನಿಮ್ ತಾತುಲ್ ತಾನೇ? ಆವತ್ತು ಮುಚ್ಚಿ ಮುಚ್ಚಿ ಅಂತ ಗಂಟಲು ಹರ್ಕೊಂಡವ್ನು?” ಮೂವತ್ತೆರಡು ವರ್ಷಗಳ ನಂತರ ನಿನ್ನ ಹೆಸರು ಈ ಊರಿಗೆ ಮರಳಿದ್ದು ಹೀಗೆ.

ಎಂಬತ್ತೆಂಟರಲ್ಲಿ ನಿನಗೆ ಇಪ್ಪತ್ತೊಂದು, ನನಗೆ ಹದಿನೈದು. ಚೆರ್ನೋಬಿಲ್‌ಗೆ ಸ್ಫೋಟದ ನಂತರ ಕರೆಸಿಕೊಂಡಿದ್ದ ಅಪ್ಪನ ಗೆಳೆಯರಲ್ಲಿ ಇಬ್ಬರು ಆಗಲೇ ಹಾಸಿಗೆ ಹಿಡಿದಿದ್ದರು. ನೀನು ಯೆರೆವಾನ್‌ನ ಚೌಕದಲ್ಲಿ ನಿಂತು ಸ್ಥಾವರ ಮುಚ್ಚಿ ಅಂತ ಕೂಗಿ, ಭಾನುವಾರ ಮನೆಗೆ ಬಂದು ಊಟದ ಮುಂದೆಯೂ ಅದೇ ದನಿಯಲ್ಲಿ ಕೂಗಿದೆ. “ಅಪ್ಪಾ, ನೀನು ಕಾಯ್ತಾ ಇರೋದು ಟರ್ಬೈನ್ ಅಲ್ಲ, ನಮ್ಮೆಲ್ಲರ ಗೋರಿ!” ಅಪ್ಪ ತಲೆಯೆತ್ತಲಿಲ್ಲ. “ಊಟ ಮಾಡೋ, ಆರಿಹೋಗುತ್ತೆ,” ಅಂದರು. ಡಿಸೆಂಬರ್‌ನಲ್ಲಿ ಭೂಮಿ ನಡುಗಿತು. ಉತ್ತರದ ಊರುಗಳು ನೆಲಸಮವಾದವು. ಸ್ಥಾವರಕ್ಕೆ ಏನೂ ಆಗಲಿಲ್ಲ, ಆದರೂ ಚಳಿಗಾಲ ಮುಗಿಯುವುದರೊಳಗೆ ಮುಚ್ಚಿದರು. ನಿಜ ಹೇಳಲೇ? ಆವತ್ತು ನನಗೂ ಸಮಾಧಾನವಾಗಿತ್ತು. ಭಯ ಯಾರಿಗಿರಲಿಲ್ಲ?

ಆಮೇಲಿನದನ್ನು ನೀನು ನೋಡಲಿಲ್ಲ. ತೊಂಬತ್ತೆರಡರ ಬೇಸಿಗೆಯಲ್ಲಿ ಹೊರಟುಹೋದೆ. ಯುದ್ಧದಿಂದ ಗಡಿಗಳು ಮುಚ್ಚಿದವು, ಗ್ಯಾಸ್ ನಿಂತಿತು, ಕರೆಂಟು ದಿನಕ್ಕೆ ಒಂದು ಗಂಟೆ, ಅದೂ ಬಂದರೆ ಬಂತು. ಅರ್ಧ ದೇಶಕ್ಕೆ ದೀಪ ಕೊಟ್ಟ ಅಪ್ಪ ಬೀದಿಯ ಮರಗಳನ್ನು ಕೊಯ್ದು ತಂದರು. ಮರಗಳು ಮುಗಿದ ಮೇಲೆ ಮನೆಯ ನೆಲಕ್ಕೆ ಹಾಸಿದ್ದ ಹಲಗೆಗಳನ್ನೇ ಕಿತ್ತರು. ಆ ಹಲಗೆಗಳ ಮೇಲೆ ವಾರ್ನಿಷ್ ಇತ್ತು. ಅಮ್ಮನ ಉಬ್ಬಸ ನಿನಗೆ ಗೊತ್ತು. ಒಲೆ ಹಚ್ಚಿದರೆ ಉಸಿರು ಕಟ್ಟುತ್ತಿತ್ತು, ಆರಿಸಿದರೆ ಮೈ ನೀಲಿಗಟ್ಟುತ್ತಿತ್ತು. “ಆರಿಸಬೇಡ್ರೀ, ಮಗು ನಡುಗ್ತಾ ಇದೆ,” ಅಂದಳು. ಮಗು ಅಂದರೆ ನಾನು, ಇಪ್ಪತ್ತರ ಹುಡುಗಿ. ಜನವರಿಯಲ್ಲಿ ಹೋದಳು. ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯಲಿಲ್ಲ. ಅಪ್ಪ ಹಳೆಯ ಲಾರಿ ಟೈರು ಉರುಳಿಸಿಕೊಂಡು ಬಂದು ಮಣ್ಣಿನ ಮೇಲಿಟ್ಟು ಸುಟ್ಟರು. ಮಣ್ಣು ಕರಗುವವರೆಗೂ ನಾವು ಅಮ್ಮನ ಪೆಟ್ಟಿಗೆಯ ಪಕ್ಕ ಕಪ್ಪು ಹೊಗೆಯಲ್ಲಿ ನಿಂತಿದ್ದೆವು.

ನಿನ್ನ ಪಾರ್ಸೆಲ್ ಮಾರ್ಚಿನಲ್ಲಿ ಯಾರದೋ ಕೈಯಲ್ಲಿ ಬಂತು. ಒಳಗೆ ಮೇಣದ ಬತ್ತಿಗಳು, “ಧೈರ್ಯವಾಗಿರಿ” ಅಂತ ಒಂದು ಚೀಟಿ. ಅಪ್ಪ ಒಂದೇ ಒಂದು ಮಾತು ಕೇಳಿದರು: “ಅವನಿರೋ ಊರಲ್ಲೂ ದೀಪ ಉರಿಯೋದು ಅಣುಸ್ಥಾವರದಿಂದ್ಲೇ ಅಂತ ಅವನಿಗೆ ಗೊತ್ತಾ?” ತೊಂಬತ್ತೈದರಲ್ಲಿ ಸ್ಥಾವರ ಮತ್ತೆ ತೆರೆದಾಗ ಅಪ್ಪನನ್ನು ಕರೆಸಿದರು. ಹೋದರು. ಖುಷಿಯಿಂದ ಹೋದರು ಅನ್ನಲಾರೆ.

ಇನ್ನು ನಿನ್ನ ಪುಸ್ತಿಕೆಯ ವಿಷಯ. ಅಪ್ಪ ಅದನ್ನು ನನ್ನ ಕೈಯಲ್ಲಿ ಪೂರ್ತಿ ಓದಿಸಿದರು. ಐದನೆಯ ಪುಟದಲ್ಲಿ ನೀನು ಬರೆದಿದ್ದೀಯ: “ಎಂಬತ್ತರ ದಶಕದ ಜನರ ಭಯ ಅಜ್ಞಾನದಿಂದ ಹುಟ್ಟಿದ್ದು.” ಫ್ರೆಂಚಿನಲ್ಲಿ ಯಾರು ಬರೆದಿದ್ದರೋ, ಆರ್ಮೇನಿಯನ್ನಿಗೆ ತಂದದ್ದು ನಿನ್ನ ಕೈ. ಬರೆಯುವಾಗ ಆ ಕೈ ಒಂದು ಗಳಿಗೆಯಾದರೂ ನಿಂತಿತೇ?

ಮೊನ್ನೆ ಶುಕ್ರವಾರ ಸಂಸ್ಕೃತಿ ಭವನದಲ್ಲಿ ಸಭೆ ಇತ್ತು. ಕಂಪನಿಯ ಹುಡುಗನೊಬ್ಬ ಪರದೆಯ ಮೇಲೆ ಚಿತ್ರ ತೋರಿಸಿದ. ಪ್ರಶ್ನೆ ಇದೆಯೇ ಅಂದಾಗ ಅಪ್ಪ ನನ್ನ ಭುಜ ಹಿಡಿದು ಎದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಅಂತಲೂ ಇತ್ತು.

“ಹೊಸದು ಬೇಕಪ್ಪ. ಹಳೇದು ನನ್ ಹಾಗೇ ಮುದಿಯಾಗಿದೆ, ಇನ್ನೆಷ್ಟು ಅಂತ ದುಡಿಸ್ತೀರಿ? ಕತ್ತಲೆ ಅಂದ್ರೇನು ಅಂತ ಈ ಊರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಆದ್ರೆ ಭಯಪಟ್ಟೋರನ್ನ ದಡ್ಡರು ಅಂತ ಬರೀಬೇಡಿ. ನೆಲ ನಡುಗೋ ಜಾಗ ಇದು, ನಾಳೆನೂ ನಡುಗುತ್ತೆ. ಆ ಪ್ರಶ್ನೆ ಕೇಳೋರು ಬೇಕು. ನನ್ ಮಗ ಕೇಳಿದ್ದ. ಅವನು ದಡ್ಡ ಆಗಿರ್ಲಿಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗ ಮುಂದಿನ ಚಿತ್ರ ಹಾಕಿದ. ಹೊರಗೆ ಬಂದ ಮೇಲೆ ನಾನು ತಡೆಯಲಾರದೆ, “ಆ ಸಾಲು ಬರೆದವನೇ ಅವನು, ಅಪ್ಪಾ!” ಅಂದೆ. “ಗೊತ್ತು,” ಅಂದರು. ಸ್ವಲ್ಪ ದೂರ ನಡೆದ ಮೇಲೆ, “ಭಾಷೆ ಚೆನ್ನಾಗಿದೆ. ಒಂದ್ ಕಡೆನೂ ತಪ್ಪಿಲ್ಲ. ಮರೆತಿಲ್ಲ ನೋಡು ಅವನು,” ಅಂದರು. ಹೆಮ್ಮೆ, ಅಣ್ಣಾ! ಆ ಮುಖದಲ್ಲಿ ಹೆಮ್ಮೆ! ಮೂವತ್ತು ವರ್ಷ ಅವರ ಸೂಪು ಕಾಸಿದವಳು ನಾನು.

ಅತ್ತಿಗೆಗೆ ನನ್ನ ನೆನಪು ಹೇಳು. ಅಮ್ಮನ ಗೋರಿಗೆ ಈ ಬಾರಿ ನಾನೇ ಬಣ್ಣ ಹೊಡೆದೆ. ನಿನಗೆ ಒಳ್ಳೆಯದಾಗಲಿ ಅಂತ ಬರೆಯುವುದು ವಾಡಿಕೆ, ಬರೆದಿದ್ದೇನೆ.

ನಿನ್ನ ತಂಗಿ,
ನಾಝಿಕ್

ತಾ.ಕ.: ಅಂಚೆಗೆ ಹೊತ್ತಾಯಿತು. ಇದೆಲ್ಲ ನನ್ನ ಮಾತು, ಅಪ್ಪನಿಗೆ ಗೊತ್ತಿಲ್ಲ. ಅವರು ಬರೆಯಲು ಹೇಳಿದ್ದು ಇಷ್ಟೇ: ಮುಂದಿನ ಸಲ ಕಂಪನಿಯವರ ಜೊತೆ ನೀನೂ ಬರುತ್ತೀಯಂತೆ, ಆಗ ಹೋಟೆಲಿನಲ್ಲಿ ಇಳಿಯಬೇಡ, ಮನೆಗೆ ಬಾ. ಅವರ ಎರಡೂ ಕಣ್ಣು ಹೋಗುತ್ತಿವೆ. ವಸಂತದವರೆಗೆ ಎದುರು ಕೂತವರ ಮುಖ ಕಾಣಬಹುದು, ಆಮೇಲೆ ಹೇಳಲಾಗದು ಅಂದರು ಡಾಕ್ಟರು. ಬೇಗ ಬಾ. ಬೆಳಗಿನ ಹೊತ್ತು ಬಾ, ಆಗ ನಾನು ಸ್ಥಾವರದ ಕ್ಯಾಂಟೀನಿನಲ್ಲಿ ಕೆಲಸದಲ್ಲಿರುತ್ತೇನೆ. ನಾನು ಮನೆಗೆ ಬರುವಷ್ಟರಲ್ಲಿ ಹೊರಟುಬಿಡು.