ಕುಸ್ಕೋದ ದಿನದ ಖರ್ಚು

ಉರಯಾಸು, ಜಪಾನ್
ಸೆಪ್ಟೆಂಬರ್ 12, 2015

ಪ್ರೀತಿಯ ಶುಭಕ್ಕಾ,

ಅಷ್ಟೊಂದು ಮೆಟ್ಟಿಲು ಹತ್ತಿಳಿದ ಮೇಲೆ ನಿನ್ನ ಮಂಡಿ ಹೇಗಿದೆ? ಭಾವನ ಶುಗರ್ ಹತೋಟಿಗೆ ಬಂತೇ? ನನ್ನ ಹೃದಯದ ಆಪರೇಷನ್ ಆಗಿ ವರ್ಷ ದಾಟಿತು, ಚೆನ್ನಾಗಿದ್ದೇನೆ. ಅಮೂಲ್ಯ ನನಗಿಂತ ಎತ್ತರ ಬೆಳೆಯುವ ಹಾಗೆ ಕಾಣುತ್ತಾಳೆ. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಫೋನಿನಲ್ಲಿ ಎಲ್ಲ ಹೇಳಲಾಗುವುದಿಲ್ಲ, ಅದಕ್ಕೇ ಈ ಕಾಗದ.

ಭೂಕಂಪವಾದ ವರ್ಷ ನಮ್ಮ ಬೀದಿಯ ನೆಲದಿಂದ ಕೆಸರು ಉಕ್ಕಿ ನಲ್ಲಿಗಳೆಲ್ಲ ನಿಂತುಹೋಗಿದ್ದವು. ನಾನು ಬಕೆಟ್ ಹಿಡಿದು ಟ್ಯಾಂಕರಿನ ಸಾಲಿನಲ್ಲಿ ನಿಂತಿರುವಾಗ ನೀನು ಮೈಸೂರಿನಿಂದ ದಿನಾ ಫೋನ್ ಮಾಡುತ್ತಿದ್ದೆ. "ಇದೆಲ್ಲ ಮುಗೀಲಿ ವಸು. ಒಂದ್ಸಲ ನಾವಿಬ್ರೇ ಎಲ್ಲಾದ್ರೂ ದೂರ ಹೋಗ್ಬಿಡೋಣ, ಗಂಡಂದಿರೂ ಬೇಡ ಮಕ್ಕಳೂ ಬೇಡ" ಎಂದವಳು ನೀನು. ಪೆರುವಿನ ಕುಸ್ಕೋ ಎಂದು ಊರು ಆರಿಸಿದವಳು ನಾನು. ಆಮೇಲೆ ನನಗೆ ಕಾಯಿಲೆ ಬಂತು, ಮುಂದಕ್ಕೆ ಹಾಕಿದೆವು. ಅಷ್ಟು ಎತ್ತರದ ಊರು, ಸಮುದ್ರದಂಚಿನ ಲೀಮಾದಲ್ಲಿ ಇಳಿದು ನಿಧಾನವಾಗಿ ಹತ್ತಿದರೆ ತೊಂದರೆಯಿಲ್ಲ ಎಂದು ಇಲ್ಲಿನ ಡಾಕ್ಟರ್ ಹೇಳಿದ ದಿನ ಆಸ್ಪತ್ರೆಯ ಬಾಗಿಲಲ್ಲೇ ನಿಂತು ನಿನಗೆ ಫೋನ್ ಮಾಡಿದ್ದೆ. "ಹಾಗಾದ್ರೆ ದಿನದ ಖರ್ಚು ನೀನೇ ಪ್ಲಾನ್ ಮಾಡಿ ಕಳ್ಸು" ಎಂದೆ ನೀನು.

ಎಷ್ಟು ಖುಷಿಯಿಂದ ಲೆಕ್ಕ ಹಾಕಲು ಕೂತಿದ್ದೆ, ಅಕ್ಕಾ. ಮಧ್ಯಾಹ್ನ ಮಾರ್ಕೆಟ್ಟಿನಲ್ಲೇ ಊಟ ಮಾಡಿದರೆ ಅಗ್ಗ. ಮೇಲಿನ ಓಣಿಯ ರೂಮು ಚೆಂದ, ಆದರೆ ಮೆಟ್ಟಿಲು ಹೆಚ್ಚು. ಅದಕ್ಕೇ ಬಾಡಿಗೆ ಜಾಸ್ತಿಯಾದರೂ ಕೆಳಗಿನ ರೂಮು ಆರಿಸಿ, ಆ ವ್ಯತ್ಯಾಸವನ್ನು ಟ್ಯಾಕ್ಸಿಯಲ್ಲಿ ಉಳಿಸಿದ್ದೆ. ನಿನಗೆ ಮಾಂಸವಿಲ್ಲದ ಸೂಪು ಎಲ್ಲಿ ಸಿಗುತ್ತದೆಂದು ಹುಡುಕಿಟ್ಟಿದ್ದೆ. ಒಂದು ಸಂಜೆಗೆಂದು ಸ್ವಲ್ಪ ಹಣ ಸುಮ್ಮನೆ ಬಿಟ್ಟಿದ್ದೆ, ನೀನು ಶಾಲು ಕಂಡರೆ ಬಿಡುವವಳಲ್ಲವೆಂದು. ಎಲ್ಲವನ್ನೂ ಬರೆದು ನಿನಗೆ ಕಳಿಸಿದೆ.

ಆಗಸ್ಟಿನಲ್ಲಿ ನೀನು ಕೇರಳಕ್ಕೆ ಮಂಡಿಯ ಚಿಕಿತ್ಸೆಗೆ ಹೋಗುತ್ತೇನೆ, ಅಲ್ಲಿ ಫೋನ್ ಸಿಗುವುದಿಲ್ಲ ಎಂದೆ. ನಾನು ನಂಬಿದೆ, ಮಂಡಿ ಸರಿಯಾದ ಮೇಲೆ ಇಬ್ಬರೂ ಹೊರಡುತ್ತೇವೆ ಎಂದುಕೊಂಡೆ. ಹೋದ ವಾರ ಅಮೂಲ್ಯ ಫೋನ್ ಹಿಡಿದುಕೊಂಡು ಅಡಿಗೆಮನೆಗೆ ಬಂದಳು. ನಿನ್ನ ಕಾಲೇಜಿನ ಗೆಳತಿ ಅಪರ್ಣಾ ಹಾಕಿದ ಫೋಟೋ. "ಮಮ್ಮಿ, ದೊಡ್ಡಮ್ಮ ಈಸ್ ಇನ್ ಯುವರ್ ಪ್ಲೇಸ್" ಎಂದಳು. ಕುಸ್ಕೋದ ಚೌಕದಲ್ಲಿ ನೀವು ನಾಲ್ಕು ಜನ, ನಿನ್ನ ಹೆಗಲ ಮೇಲೆ ಕೆಂಪು ಶಾಲು. ಕೆಳಗೆ ಅಪರ್ಣಾ ಬರೆದಿದ್ದಳು: ಇಷ್ಟು ಅಚ್ಚುಕಟ್ಟಾಗಿ ಪ್ಲಾನ್ ಮಾಡಿದ ಶುಭಾಗೆ ಥ್ಯಾಂಕ್ಸ್.

ಫೋನ್ ಮಾಡಿದರೆ ನೀನು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. "ನಿನ್ ಹೆಲ್ತಲ್ಲಿ ಹೇಗೆ ಕರ್ಕೊಂಡು ಹೋಗ್ಲಿ ಹೇಳು? ಅಲ್ಲಿ ಏನಾದ್ರೂ ಆಗಿದ್ರೆ ನಾನ್ ತಾನೆ ಉತ್ತರ ಕೊಡ್ಬೇಕು? ಈಶ್ವರನ್ನೂ ಕೇಳ್ದೆ, ಅವ್ರೂ ಬೇಡ ಅಂದ್ರು" ಎಂದೆ ನೀನು. ನನ್ನ ಗಂಡ ಎದುರಿಗೇ ಕೂತಿದ್ದರು. ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಸಂಜೆಗಳೆಲ್ಲ ನನ್ನ ಪಕ್ಕದಲ್ಲಿ ಕೂತು ಆ ಊರಿನ ರೂಮುಗಳನ್ನು ನೋಡುತ್ತ "ಇದು ಚೆನ್ನಾಗಿದೆ ನೋಡು" ಎಂದವರು ಅವರೇ. ಅಷ್ಟು ಹೊತ್ತಿಗೆ ಅವರಿಗೆ ಎಲ್ಲ ಗೊತ್ತಿತ್ತು.

ಬರಬೇಡ ಎಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ನನ್ನ ಡಾಕ್ಟರನ್ನು ನೀವಿಬ್ಬರೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಸಾಯಬಹುದಾದವಳು ಎಂದು ಇಬ್ಬರೂ ಸೇರಿ ತೀರ್ಮಾನಿಸಿ, ನನ್ನ ಕೈಯಲ್ಲೇ ಊಟ ತಿಂಡಿಯ ಏರ್ಪಾಡು ಮಾಡಿಸಿಕೊಂಡಿರಿ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ವಿವೇಕನಿಗೆ ಈ ಚಿಕ್ಕಮ್ಮನ ಮುದ್ದು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ಅದರಲ್ಲಿ ಸುಳ್ಳಿಲ್ಲ.

ನಿನ್ನ ತಂಗಿ,
ವಸುಧಾ

ಮರೆತಿದ್ದೆ: ಡಿಸೆಂಬರಿನಲ್ಲಿ ಅಮ್ಮನ ಎಪ್ಪತ್ತರ ಶಾಂತಿಗೆ ನಾನು, ಅಮೂಲ್ಯ ಇಬ್ಬರೇ ಬರುತ್ತೇವೆ. ನಿನ್ನ ಮನೆಯಲ್ಲಿ ಇಳಿದುಕೊಳ್ಳುವುದಿಲ್ಲ, ಮೈಸೂರು ಸ್ಟೇಷನ್ನಿನ ಹತ್ತಿರ ಲಾಡ್ಜ್ ಬುಕ್ ಮಾಡಿದ್ದೇನೆ. ಯಾಕೆಂದು ಅಮ್ಮ ಕೇಳುತ್ತಾಳೆ. ನನ್ನ ಪರವಾಗಿ ನೀನು ಉತ್ತರ ಕೊಡಬೇಡ.